ಮುತ್ತಿನ ಸದ್ದಿನ ಹಾಡು ಯಾವ ಆಲ್ಬಮ್‌ನದು?

"'ಕಿಸ್ ಕಿಸ್' ಹಾಡಿನ ಟರ್ಕಿಶ್ ಆವೃತ್ತಿ ಕೇಳಿದೆ, ಅದು ಇಂಗ್ಲಿಷಿನ ನಕಲಾ?" ಅಂತ ಕೇಳಿದ್ದೀರಿ. ಇಲ್ಲ, ಕಥೆ ಉಲ್ಟಾ. ಮೂಲ ಟರ್ಕಿಶ್‌ನದೇ. ಹಾಡಿನ ಹೆಸರು 'ಶಿಮರಿಕ್', ಅಂದ್ರೆ ಮುದ್ದು ಜಾಸ್ತಿಯಾಗಿ ಕೆಟ್ಟವಳು. 1997ರಲ್ಲಿ ಬಂದ ಟರ್ಕಿಯ ಪಾಪ್ ಗಾಯಕ ತಾರ್ಕಾನ್ ಅವರ 'ಒಲುರುಮ್ ಸಾನಾ' ಆಲ್ಬಮ್‌ನಲ್ಲಿದೆ.

ಹಾಡು ಬರೆದವರು ಸೆಜೆನ್ ಅಕ್ಸು. ಟರ್ಕಿಯ ಪಾಪ್‌ನಲ್ಲಿ ಅವರದು ದೊಡ್ಡ ಹೆಸರು. ವಾದ್ಯ ಸಂಯೋಜನೆ ಓಜಾನ್ ಚೋಲಾಕೋಲು ಅವರದು. ಸಾಹಿತ್ಯ ಮಜವಾಗಿದೆ. ಹುಡುಗಿ ಬೇರೆಯವನ ತೋಳು ಹಿಡಿದು ಹೋಗ್ತಾಳೆ, ಬಾಯಲ್ಲಿ ಚೂಯಿಂಗ್ ಗಮ್ ಉಬ್ಬಿಸಿ ಉಬ್ಬಿಸಿ ಪಟ್ ಅಂತ ಒಡೀತಾಳೆ. ಹಾಡುವವನಿಗೆ ಹೊಟ್ಟೆಯುರಿ! ಪಲ್ಲವಿಯಲ್ಲಿ ಎರಡು ಮುತ್ತಿನ ಸದ್ದು ಬರುತ್ತಲ್ಲ, ಭಾಷೆ ಬಾರದವರಿಗೂ ಹಾಡು ನೆನಪಿರೋದು ಅದರಿಂದಲೇ ಅನ್ಸುತ್ತೆ.

ಟರ್ಕಿಯಲ್ಲಿ ಆಲ್ಬಮ್ ಭರ್ಜರಿಯಾಗಿ ಓಡಿತು. ಆಮೇಲೆ ಈ ಹಾಡು ಯುರೋಪಿಗೂ ಹೋಯಿತು. ಬೆಲ್ಜಿಯಂನಲ್ಲಿ ಮೊದಲ ಸ್ಥಾನ, ಫ್ರಾನ್ಸ್‌ನಲ್ಲಿ ಮೂರನೆಯದು. ಅದೂ ಪೂರ್ತಿ ಟರ್ಕಿಶ್‌ನಲ್ಲೇ! ಆಸ್ಟ್ರೇಲಿಯಾದ ಗಾಯಕಿ ಹಾಲಿ ವ್ಯಾಲೆನ್ಸ್ ಇದನ್ನೇ 'ಕಿಸ್ ಕಿಸ್' ಅಂತ ಇಂಗ್ಲಿಷಿನಲ್ಲಿ ಹಾಡಿ ಬ್ರಿಟನ್‌ನಲ್ಲಿ ಮೊದಲ ಸ್ಥಾನ ಪಡೆದದ್ದು 2002ರಲ್ಲಿ.

ತಮಾಷೆ ಅಂದ್ರೆ, 2006ರಲ್ಲಿ ತಾರ್ಕಾನ್ ತಾವೇ 'ಕಮ್ ಕ್ಲೋಸರ್' ಅಂತ ಇಂಗ್ಲಿಷ್ ಆಲ್ಬಮ್ ಮಾಡಿದರು. ಅದು ಅಷ್ಟಾಗಿ ಓಡಲಿಲ್ಲ. ನೀವು 'ಒಲುರುಮ್ ಸಾನಾ'ದಿಂದಲೇ ಶುರು ಮಾಡಿ.