ಸೀಟು ಸಿಕ್ಕಿತೆಂದು ಸೇರಬೇಡಿ

ಅರಸೀಕೆರೆ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: 'ಬಿ.ಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮುಗಿಯಿತು. ಅಪ್ಪ ಬಿ.ಎಡ್ ಮಾಡು ಎನ್ನುತ್ತಾರೆ. ಕೆಮಿಸ್ಟ್ರಿಗೆ ಸ್ಕೋಪ್ ಇಲ್ಲ, ಕಂಪ್ಯೂಟರ್ ಕೋರ್ಸ್ ಸೇರು ಅಂತ ಬೆಂಗಳೂರಿನಲ್ಲಿರುವ ಅಣ್ಣ. ಗೆಳತಿಯರು ಯಾವ ಸಬ್ಜೆಕ್ಟ್ ಸಿಕ್ಕರೂ ಸರಿ ಎಂದು ಎಂ.ಎಸ್ಸಿಗೆ ಅರ್ಜಿ ಹಾಕುತ್ತಿದ್ದಾರೆ. ನಾನೇನು ಮಾಡಲಿ?'

ನಿಮ್ಮ ಪತ್ರದ ಕೊನೆಯಲ್ಲಿ ಮಾತಿಗೆ ಮಾತು ಬಂತೆಂಬಂತೆ ಒಂದು ಸಾಲಿದೆ. ಪ್ರಾಕ್ಟಿಕಲ್ ದಿನ ಉಳಿದವರು ಊಟಕ್ಕೆ ಎದ್ದರೂ, ಬ್ಯುರೆಟ್ ಎಂಬ ಅಳತೆ ಕೊಳವೆಯ ರೀಡಿಂಗ್ ಎರಡು ಸಲ ಒಂದೇ ಬರುವವರೆಗೆ ನೀವು ಟೈಟ್ರೇಶನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ಬಿಡುತ್ತಿರಲಿಲ್ಲವಂತೆ. ಮನೆಯವರ ಸಲಹೆಗಳಿಗಿಂತ ನನಗೆ ಈ ಸಾಲೇ ಮುಖ್ಯ. ರಸಾಯನಶಾಸ್ತ್ರ ಬಿಡಬೇಡಿ. ಹಾಗೆಂದು ಎಲ್ಲೋ ಒಂದು ಸೀಟು ಸಿಕ್ಕಿತೆಂದು ಮನಸ್ಸಿಲ್ಲದ ವಿಷಯದ ಎಂ.ಎಸ್ಸಿಗೂ ಸೇರಬೇಡಿ. ಎರಡು ವರ್ಷ ಕಳೆದ ಮೇಲೂ ಇದೇ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ.

ನಮ್ಮ ತಾಲ್ಲೂಕು ಕಾಲೇಜುಗಳ ಎಷ್ಟೋ ಮಕ್ಕಳಿಗೆ ಒಂದು ವಿಷಯ ತಡವಾಗಿ ಗೊತ್ತಾಗುತ್ತದೆ, ಅದು ನನಗೆ ನಿಜಕ್ಕೂ ಸಂಕಟದ ಸಂಗತಿ. ಎಂ.ಎಸ್ಸಿ ಪ್ರವೇಶಕ್ಕೆ ಐಐಟಿಗಳು ನಡೆಸುವ 'ಜಾಮ್' ಪರೀಕ್ಷೆಯ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಕೊನೆಯ ವರ್ಷ ಓದುತ್ತಿರುವಾಗಲೇ ಬರೆಯಬಹುದು. ಡಿಗ್ರಿ ಫಲಿತಾಂಶ ಬಂದ ಮೇಲೆ ವಿಚಾರಿಸಿದವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಕೇಳುವುದು ಬಿ.ಎಸ್ಸಿ ಮಟ್ಟದ್ದನ್ನೇ. ಐಐಟಿಗಳ ಜೊತೆಗೆ ಸುರತ್ಕಲ್‌ನ ಎನ್‌ಐಟಿಕೆಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿಗೂ (ಬಿ.ಎಸ್ಸಿ ಆದ ಮೇಲೆ ನೇರವಾಗಿ ಸೇರುವ ಪಿಎಚ್.ಡಿ) ಈ ಅಂಕ ನಡೆಯುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ಓದುವವರಿಗೆ ವಿದ್ಯಾರ್ಥಿವೇತನವೂ ಇದೆ. ಖರ್ಚಿನ ಚಿಂತೆಯಲ್ಲಿರುವ ಅಪ್ಪನಿಗೆ ಇದನ್ನು ಮೊದಲು ಹೇಳಿ. ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಎಂಬ ಬೇರೆ ಪ್ರವೇಶ ಪರೀಕ್ಷೆ ಬರೆಯಬೇಕು.

ಈಗ ಮೈಸೂರು, ಕುವೆಂಪು, ಮಂಗಳೂರು ವಿಶ್ವವಿದ್ಯಾಲಯಗಳಿಗೆ ಕೆಮಿಸ್ಟ್ರಿಗೆ ಮಾತ್ರ ಅರ್ಜಿ ಹಾಕಿ. ಸಿಕ್ಕರೆ ಸೇರಿ. ಸಿಗದಿದ್ದರೆ ಒಂದು ವರ್ಷ ಕೆಲಸಕ್ಕೆ ಹೋಗಿ, ಜೊತೆಗೇ ಜಾಮ್‌ಗೆ ಓದಿ. ನಂಜನಗೂಡು, ಜಿಗಣಿಯಂಥ ಕಡೆ ಔಷಧ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗದಲ್ಲಿ ಬಿ.ಎಸ್ಸಿ ಆದವರನ್ನು ಟ್ರೈನಿ ಆಗಿ ತೆಗೆದುಕೊಳ್ಳುತ್ತಾರೆ. ಅಲ್ಲಿನ ಕೆಲಸ ಹೀಗಿರುತ್ತದೆ: ಮಾತ್ರೆ ತೂಗಿ, ಪುಡಿ ಮಾಡಿ, ಕರಗಿಸಿ, ಸೋಸಿ, ಪುಟ್ಟ ಸೀಸೆಗಳಿಗೆ ತುಂಬಿ, ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡಬೇಕು. ಪರದೆಯ ಗೆರೆಯಲ್ಲಿ ಶಿಖರದಂತೆ ಏಳುವ ಪೀಕನ್ನು ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಮಾದರಿಯ) ಪೀಕಿನ ಜೊತೆ ಹೋಲಿಸಿ, ಔಷಧ ಹೇಳಿದಷ್ಟು ಇದೆಯೇ ಎಂದು ಲೆಕ್ಕ ಹಾಕಬೇಕು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಶಿಫ್ಟ್ ಇರುತ್ತದೆ, ಆರಂಭದ ಸಂಬಳ ದೊಡ್ಡದಲ್ಲ. ಆದರೆ ಮೂರು ವರ್ಷ ಓದಿದ್ದು ಯಾರದೋ ಔಷಧವನ್ನು ಕಾಯುತ್ತಿದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅದು ಕಡಿಮೆ ಮಾತಲ್ಲ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಸರ್ಕಾರಿ ಪ್ರೌಢಶಾಲೆಗಳಿಗೆ ಒಳ್ಳೆಯ ವಿಜ್ಞಾನ ಮೇಷ್ಟ್ರು, ಮೇಡಂಗಳು ಬೇಕೇ ಬೇಕು. ಆದರೆ ಬಿ.ಎಡ್ ಈಗ ಎರಡು ವರ್ಷದ್ದು. ಮಕ್ಕಳ ಎದುರು ನಿಲ್ಲಲು ಇಷ್ಟವಿದ್ದರಷ್ಟೇ ಅದಕ್ಕೆ ಹೋಗಬೇಕು. ಊರಿನ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ, ಒಂದಷ್ಟು ದಿನ ಎಂಟನೇ ಕ್ಲಾಸಿಗೆ ಪಾಠ ಮಾಡಿ ನೋಡಿ. ಬೇರೆ ಏನೂ ತೋಚಲಿಲ್ಲವೆಂದು ಮೇಡಂ ಆಗುವುದು ನಿಮಗೂ ಆ ಮಕ್ಕಳಿಗೂ ಅನ್ಯಾಯ. ಎಂ.ಎಸ್ಸಿ ಮುಗಿಸಿ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾದರೆ ಡಿಗ್ರಿ ಕಾಲೇಜಿನಲ್ಲೂ ಪಾಠ ಮಾಡಬಹುದು. ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದವರಿಗೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, 2023ರಲ್ಲಿ ಏರಿಸಿದ ಮೊತ್ತ ಅದು.

ಇನ್ನು ಅಣ್ಣ. ಕಂಪ್ಯೂಟರ್ ಕಲಿಯುವುದು ಒಳ್ಳೆಯದೇ, ಲ್ಯಾಬಿನಲ್ಲೂ ಬೇಕು. ಆದರೆ ಕೆಲಸ ಗ್ಯಾರಂಟಿ ಎಂದು ಲಕ್ಷಗಟ್ಟಲೆ ಫೀಸು ಕೇಳುವ ಕಡೆ ಅಪ್ಪನ ತೆಂಗಿನ ದುಡ್ಡು ಸುರಿಯಬೇಡಿ.

ಈ ಪುಟವನ್ನು ಅಪ್ಪನಿಗೂ ಓದಲು ಕೊಡಿ. ಒಪ್ಪಿಗೆಯಾಗದ್ದೇನಾದರೂ ಇದ್ದರೆ ಅವರೇ ನನಗೆ ಬರೆಯಲಿ, ಉತ್ತರ ಕೊಡುತ್ತೇನೆ.

– ಸಂ.