ದನಿ ಯಾರದು, ತಿಳಿವು ಯಾರದು: 'ಸಂಸ್ಕಾರ'ದ ಕುರಿತ ಲೇಖನಕ್ಕೆ ಉತ್ತರ

ಪ್ರಿಯ ಲೇಖಕರೇ,

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯ ಪಾತ್ರಗಳನ್ನೂ ನಿರೂಪಣೆಯನ್ನೂ ಸಾಹಿತ್ಯ ಸಿದ್ಧಾಂತಗಳ ನೆರವಿನಿಂದ ಪರಿಶೀಲಿಸುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ನಿಮ್ಮ ಓದಿನಲ್ಲಿ ಶ್ರದ್ಧೆಯಿದೆ, ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಲೇಖನದ ಮೊದಲ ಆರು ಪುಟಗಳಲ್ಲಿ ಸಿದ್ಧಾಂತಕಾರರ ಪರಿಚಯವಿದೆ. ಕಾದಂಬರಿ ಬರುವುದು ಏಳನೆಯ ಪುಟದಲ್ಲಿ, ಅದೂ ಈಗಾಗಲೇ ಸಿದ್ಧವಾಗಿರುವ ತೀರ್ಮಾನಗಳಿಗೆ ಸಾಕ್ಷಿ ಹೇಳುವುದಕ್ಕಾಗಿ. ಫಾರ್‌ಸ್ಟರ್ ಎಂಬ ಇಂಗ್ಲಿಷ್ ಕಾದಂಬರಿಕಾರ 1927ರಲ್ಲಿ ಮಾಡಿದ ಚಪ್ಪಟೆ ಪಾತ್ರ (ಒಂದೇ ಗುಣದ ಸುತ್ತ ಕಟ್ಟಿದ್ದು) ಮತ್ತು ದುಂಡು ಪಾತ್ರಗಳ (ನಮ್ಮನ್ನು ಅಚ್ಚರಿಗೊಳಿಸಬಲ್ಲವು) ವಿಂಗಡಣೆಯನ್ನು ಹಿಡಿದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ದುಂಡು ಎಂದೂ, ಆಚಾರ ಮುರಿದು ಬಾಳಿದ ನಾರಣಪ್ಪನ ಸಂಗಾತಿ ಚಂದ್ರಿಯನ್ನು ಚಪ್ಪಟೆ ಎಂದೂ ನೀವು ಬೇರ್ಪಡಿಸುತ್ತೀರಿ. ಹೀಗೆ ಹೆಸರಿಟ್ಟ ಮೇಲೆ ಓದುಗನಿಗೆ ಹೊಸದಾಗಿ ಏನು ಕಾಣಿಸಿತು ಎಂಬ ಪ್ರಶ್ನೆಗೆ ಲೇಖನದಲ್ಲಿ ಉತ್ತರವಿಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಪ್ರಾಣೇಶಾಚಾರ್ಯರಿಗೆ ನೀವು ಅನ್ವಯಿಸುವ 'ನಂಬಲರ್ಹನಲ್ಲದ ನಿರೂಪಕ' ಎಂಬ ಪರಿಭಾಷೆಯ ಬಳಕೆಯಲ್ಲಿದೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಈ ಮಾತನ್ನು ಬಳಕೆಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ಕೃತಿಯ ಒಟ್ಟು ಮೌಲ್ಯಗಳಿಗೂ ಕಥೆ ಹೇಳುವವನ ಮಾತಿಗೂ ನಡುವೆ ಬೀಳುವ ಅಂತರ. 'ಸಂಸ್ಕಾರ'ದಲ್ಲಿ ಕಥೆ ಹೇಳುತ್ತಿರುವುದು ಪ್ರಾಣೇಶಾಚಾರ್ಯರಲ್ಲ. ಅವರ ಗೊಂದಲ, ಆತ್ಮವಂಚನೆ, ಭಯಗಳು ನಮಗೆ ತಿಳಿಯುವುದು ಪ್ರಥಮ ಪುರುಷದ ('ಅವನು', 'ಅವರು' ಎಂದು ಹೇಳುವ) ನಿರೂಪಣೆಯೊಂದು ಅವರ ಮನಸ್ಸಿನೊಳಕ್ಕೆ ಹೋಗಿ ಬರುವುದರಿಂದ. ಯಾರು ನೋಡುತ್ತಿದ್ದಾರೆ ಮತ್ತು ಯಾರು ಮಾತಾಡುತ್ತಿದ್ದಾರೆ ಎಂಬುವು ಎರಡು ಬೇರೆ ಪ್ರಶ್ನೆಗಳೆಂದು ಫ್ರೆಂಚ್ ಸಿದ್ಧಾಂತಕಾರ ಜೆರಾರ್ ಜೆನೆಟ್ 1972ರಲ್ಲಿ ವಾದಿಸಿದ್ದು ಇಂಥ ಕಲಸುಮೇಲೋಗರವನ್ನು ಬಿಡಿಸುವುದಕ್ಕಾಗಿಯೇ. ನೀವು ಜೆನೆಟ್ ಅವರ ಹೆಸರನ್ನು ನಾಲ್ಕು ಕಡೆ ಎತ್ತಿದ್ದೀರಿ, ಆದರೆ ಈ ವ್ಯತ್ಯಾಸವನ್ನು ಒಂದು ಕಡೆಯೂ ಬಳಸಿಲ್ಲ.

ಬಳಸಿದ್ದರೆ ಚಂದ್ರಿಯ ಆ ರಾತ್ರಿ ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಇಡೀ ಅಗ್ರಹಾರವನ್ನು ಹಸಿವಿನಲ್ಲಿ ಕೂರಿಸಿದೆ, ಆಚಾರ್ಯರನ್ನು ಗ್ರಂಥಗಳಿಂದ ಮಾರುತಿಯ ಗುಡಿಗೆ ಓಡಿಸಿದೆ. ಆ ಪ್ರಶ್ನೆಯನ್ನು ಚಂದ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಯಾರಿಗೂ ತಿಳಿಯದಂತೆ ಬಗೆಹರಿಸಿ ಊರು ಬಿಡುತ್ತಾಳೆ. ಈ ಸಂಗತಿ ಓದುಗನಿಗೆ ಗೊತ್ತು, ಆಚಾರ್ಯರಿಗೆ ಕೊನೆಯವರೆಗೂ ಗೊತ್ತಿಲ್ಲ. ಮುಂದೆ ದಾರಿಯಲ್ಲಿ ಸಿಕ್ಕ ಮಾಲೇರರ ಪುಟ್ಟನ ಜೊತೆ ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ ಅವರು ಅನುಭವಿಸುವ ಸಂಕಟವನ್ನೆಲ್ಲ ನಾವು ಈ ತಿಳಿವನ್ನು ಇಟ್ಟುಕೊಂಡೇ ಓದುತ್ತೇವೆ. ಅವರ ವೇದನೆ ಇದರಿಂದ ಸುಳ್ಳಾಗುವುದಿಲ್ಲ, ಆದರೆ ಅದರ ತೂಕ ಬದಲಾಗುತ್ತದೆ. ಶಾಸ್ತ್ರ ಹುಡುಕಿ ಸೋತದ್ದನ್ನು ಹೆಂಗಸೊಬ್ಬಳು ಒಂದು ಗಾಡಿ ಮತ್ತು ಒಂದಿಷ್ಟು ಸೌದೆಯಿಂದ ಮುಗಿಸಿದ್ದಾಳೆ ಎಂಬ ಅರಿವು ನಮ್ಮೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ನಿರೂಪಣೆ ಆಚಾರ್ಯರಿಗೆ ಎಷ್ಟೇ ಹತ್ತಿರವಿದ್ದರೂ ಅವರ ತಿಳಿವಿಗೆ ಕಟ್ಟುಬಿದ್ದಿಲ್ಲ. ನೀವು ಚಪ್ಪಟೆ ಎಂದು ಬದಿಗಿಟ್ಟ ಪಾತ್ರದಿಂದಲೇ ಕಾದಂಬರಿಯ ದೃಷ್ಟಿಕೋನದ ವಿನ್ಯಾಸ ನಿರ್ಧಾರವಾಗಿದೆ.

ಇನ್ನು ನಾರಣಪ್ಪ. ಅವನು ಆರಂಭದಲ್ಲೇ ಸತ್ತಿರುವುದರಿಂದ ನಮಗೆ ಸಿಗುವುದು ಹೆಚ್ಚಾಗಿ ಬೇರೆಯವರ ಬಾಯಿಂದ ಕೇಳಿದ ನಾರಣಪ್ಪ. ಮಗ ಶ್ಯಾಮ ಸೈನ್ಯ ಸೇರಿದ್ದಕ್ಕೆ ಅವನನ್ನೇ ದೂರುವ ಗರುಡಾಚಾರ್ಯರಿಗೂ, ಹೆಂಡತಿಯ ತಂಗಿಯನ್ನು ಅವನು ಕೈಬಿಟ್ಟನೆಂದು ಕುದಿಯುವ ಲಕ್ಷ್ಮಣಾಚಾರ್ಯರಿಗೂ ತಮ್ಮದೇ ಲೆಕ್ಕಗಳಿವೆ. ಸಂಸ್ಕಾರದ ಖರ್ಚಿಗೆಂದು ಚಂದ್ರಿ ಒಡವೆಗಳನ್ನು ತಂದಿಟ್ಟ ಮೇಲಂತೂ ಅವರ ಮಾತಿನ ದಿಕ್ಕೇ ಬೇರೆಯಾಗುತ್ತದೆ. ಬೂತ್ ಎತ್ತಿದ ನಂಬಿಕೆಯ ಪ್ರಶ್ನೆಯನ್ನು ನಿರೂಪಕನಿಗೆ ಅಂಟಿಸುವ ಬದಲು ಈ ಮಾತುಗಾರರಿಗೆ ಕೇಳಿದ್ದರೆ ಫಲ ಸಿಗುತ್ತಿತ್ತು. ನೀವಾದರೋ ಅವರ ಆರೋಪಗಳನ್ನು ನಾರಣಪ್ಪನ ಸ್ವಭಾವದ ಪುರಾವೆಯೆಂದು ಎತ್ತಿ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಲೇಖನದ ಅತಿ ದೊಡ್ಡ ಲೋಪ ಇದೇ.

ಮಾತು ಕವಿಯದೋ, ಕವಿ ಕಟ್ಟಿದ ಪಾತ್ರದ್ದೋ ಎಂದು ಕೇಳುವುದು ಪಶ್ಚಿಮದಿಂದ ಮಾತ್ರ ಬಂದ ಅಭ್ಯಾಸವಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯನ್ನು, ಅಂದರೆ ನೇರ ಹೇಳದೆ ಸೂಚಿತವಾಗುವ ಅರ್ಥವನ್ನು, ವಿವರಿಸುವಾಗ ಕವಿಯ ಪ್ರೌಢೋಕ್ತಿಯನ್ನೂ (ಕವಿಯೇ ಕಲ್ಪಿಸಿ ಹೇಳಿದ ಮಾತನ್ನೂ) ಕವಿನಿಬದ್ಧ ವಕ್ತೃವಿನ, ಅಂದರೆ ಕವಿ ಕಟ್ಟಿದ ಪಾತ್ರದ, ಪ್ರೌಢೋಕ್ತಿಯನ್ನೂ ಬೇರೆ ಮಾಡಿ ಹೇಳುತ್ತಾನೆ. ಹೀಗೆಂದ ಮಾತ್ರಕ್ಕೆ ಆಧುನಿಕ ನಿರೂಪಣಾಶಾಸ್ತ್ರವೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎಂದು ಬರೆಯಬೇಡಿ, ಅದು ಸರಿಯಲ್ಲ. ಒಂದು ಪದ್ಯದ ಧ್ವನಿಯನ್ನು ವಿಚಾರಿಸುವುದಕ್ಕೂ ಒಂದು ಕಾದಂಬರಿಯ ಉದ್ದಕ್ಕೂ ದೃಷ್ಟಿ ಚಲಿಸುವ ಬಗೆಯನ್ನು ವಿಚಾರಿಸುವುದಕ್ಕೂ ವ್ಯತ್ಯಾಸವಿದೆ.

ಕನ್ನಡದ ಲೇಖಕರಾಗಿ ನೀವು ಖಂಡಿತ ಮಾಡಬಹುದಾಗಿದ್ದ, ಆದರೆ ಮಾಡದ ಕೆಲಸವೊಂದಿದೆ. ದನಿ ವಾಕ್ಯದಲ್ಲಿರುತ್ತದೆ, ನಿಮ್ಮ ಲೇಖನದಲ್ಲಿ ಮಾತ್ರ ಕಾದಂಬರಿಯ ಒಂದು ವಾಕ್ಯದ ವಿಶ್ಲೇಷಣೆಯೂ ಇಲ್ಲ. ನಮ್ಮ ಭಾಷೆಯ 'ತಾನು' ಎಂಬ ಸಣ್ಣ ಪದವನ್ನು ಗಮನಿಸಿ. "ಅವನು ಅಂಗಳಕ್ಕೆ ಬಂದ. ತಾನು ಮಾಡಿದ್ದು ಸರಿಯೇ?" ಎಂದು ಬರೆದರೆ 'ಎಂದುಕೊಂಡ' ಎಂಬ ಕ್ರಿಯಾಪದವಿಲ್ಲದೆಯೂ ಎರಡನೆಯ ವಾಕ್ಯ ಅವನ ಮನಸ್ಸಿನದೆಂದು ತಿಳಿಯುತ್ತದೆ. ಅಲ್ಲಿ 'ತಾನು' ತೆಗೆದು 'ಅವನು' ಎಂದಿಟ್ಟರೆ ಪ್ರಶ್ನೆ ನಿರೂಪಕನದಾಗಬಹುದು, ಊರಿನದಾಗಬಹುದು. ಇಂಗ್ಲಿಷಿನ ಉದಾಹರಣೆಗಳಿಂದ ಕಲಿತ ಪರಿಭಾಷೆಗೆ ಈ ಪದ ಸಿಗುವುದಿಲ್ಲ. ಹಾಗೆಯೇ ನಿರೂಪಣೆ ಯಾರನ್ನು ಬಹುವಚನದಿಂದ ಗೌರವಿಸುತ್ತದೆ, ಯಾರನ್ನು ಏಕವಚನದಲ್ಲಿ ಕರೆಯುತ್ತದೆ, ಆ ಗೌರವ ಎಲ್ಲಾದರೂ ಸಡಿಲವಾಗುತ್ತದೆಯೇ ಎಂಬುದನ್ನು ಪೆನ್ಸಿಲ್ ಹಿಡಿದು ಪುಟಪುಟಕ್ಕೂ ಗುರುತು ಮಾಡಿಕೊಳ್ಳಿ. ನಿರೂಪಕ ಅಗ್ರಹಾರದ ಕಣ್ಣಿನಿಂದ ಎಷ್ಟು ದೂರ ನಿಂತಿದ್ದಾನೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಸಿಗಲಾರದು.

ಕೊನೆಯ ಭಾಗದಲ್ಲಿ ಆಚಾರ್ಯರು ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಮರಳಿ ಎಲ್ಲವನ್ನೂ ಒಪ್ಪಿಕೊಂಡು ಬಿಡುಗಡೆ ಹೊಂದುತ್ತಾರೆ ಎಂದು ಬರೆದಿದ್ದೀರಿ. ಕಾದಂಬರಿ ಅಲ್ಲಿಗೆ ಹೋಗುವುದೇ ಇಲ್ಲ, ಅವರು ಇನ್ನೂ ದಾರಿಯಲ್ಲಿರುವಾಗಲೇ ಅದು ನಿಲ್ಲುತ್ತದೆ. ಇದನ್ನು ತಿದ್ದಲೇಬೇಕು.

ಮೊದಲ ಆರು ಪುಟಗಳನ್ನು ಪೂರ್ತಿ ತೆಗೆದುಹಾಕಿ. ಚಂದ್ರಿಯ ಆ ರಾತ್ರಿಯಿಂದ ಲೇಖನವನ್ನು ಆರಂಭಿಸಿ, ಬೂತ್ ಮತ್ತು ಜೆನೆಟ್ ಅವರನ್ನು ಅವರು ಬೇಕಾಗುವ ಜಾಗದಲ್ಲಿ ಮಾತ್ರ ಕರೆದುಕೊಳ್ಳಿ. ಹದಿನೆಂಟು ಪುಟಗಳು ಎಂಟಕ್ಕೆ ಇಳಿದರೂ ಚಿಂತೆಯಿಲ್ಲ. ಹೊಸ ಪ್ರತಿಯನ್ನು ನನಗೇ ಕಳಿಸಿ, ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ