ಓದುಗರ ಪ್ರಶ್ನೆ: ಫೋನಿಗೆ ಹೇಳುವುದೋ, ಫೋನಿನಲ್ಲಿ ಹುಡುಕುವುದೋ?

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಸ್ಮಾರ್ಟ್‌ಫೋನಿನ ವಾಯ್ಸ್ ಅಸಿಸ್ಟೆಂಟ್‌ಗಳಿಗೂ ಫೋನಿನೊಳಗಿನ ಹುಡುಕಾಟಕ್ಕೂ ಸಂಬಂಧಪಟ್ಟವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಅಲಾರಂ ಇಡು ಎಂದರೆ ತಪ್ಪಿಲ್ಲದೆ ಇಡುವ ಅಸಿಸ್ಟೆಂಟ್, ‘ನಾಳೆ ಸಭೆ ಮುಗಿದ ಮೇಲೆ ಅಣ್ಣನಿಗೆ ಫೋನ್ ಮಾಡಲು ನೆನಪಿಸು’ ಎಂದರೆ ಏನೇನೋ ಮಾಡುತ್ತದೆ. ಎರಡೂ ಸರಳವಾದ ಮಾತುಗಳೇ ಅಲ್ಲವೇ?

ಉತ್ತರ: ನಮಗೆ ಎರಡೂ ಸರಳ, ಯಂತ್ರಕ್ಕೆ ಹಾಗಲ್ಲ. ನೀವು ಆಡಿದ ಮಾತು ಕೆಲಸವಾಗಿ ಮುಗಿಯುವುದರೊಳಗೆ ಹಲವು ಹಂತಗಳನ್ನು ದಾಟಬೇಕು. ಮೊದಲು ಧ್ವನಿ ಅಕ್ಷರವಾಗಬೇಕು; ಆ ಅಕ್ಷರಗಳಿಂದ ನಿಮ್ಮ ಉದ್ದೇಶ ಯಾವುದೆಂದು ಊಹೆಯಾಗಬೇಕು; ಆ ಉದ್ದೇಶಕ್ಕೆ ಬೇಕಾದ ವಿವರಗಳು, ಎಂದರೆ ಸಮಯ, ವ್ಯಕ್ತಿ, ಜಾಗ ಇತ್ಯಾದಿ, ಒಂದೊಂದಾಗಿ ಭರ್ತಿಯಾಗಬೇಕು; ಕೊನೆಗೆ ಆ ಕೆಲಸವನ್ನು ಮಾಡಬಲ್ಲ ಆ್ಯಪ್‌ಗೆ ಅದು ತಲುಪಬೇಕು. ಅಲಾರಂಗೆ ಬೇಕಾದ ವಿವರ ಒಂದೇ, ಅದು ಸಮಯ. ನಿಮ್ಮ ಎರಡನೆಯ ಮಾತಿನಲ್ಲಾದರೋ ಯಾವ ಸಭೆ, ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಫೋನಿನಲ್ಲಿರುವ ಹೆಸರುಗಳಲ್ಲಿ ಅಣ್ಣ ಯಾರು ಎಂಬ ಮೂರು ಸಂಗತಿಗಳು ಹೇಳದೆಯೇ ಉಳಿದಿವೆ. ಸಭೆಯನ್ನು ನೀವು ಕ್ಯಾಲೆಂಡರಿನಲ್ಲಿ ಬರೆದಿಟ್ಟಿರದಿದ್ದರೆ ಅದನ್ನು ತಿಳಿಯುವ ದಾರಿಯೇ ಅದಕ್ಕಿಲ್ಲ.

ಐಬಿಎಂ ಕಂಪನಿ 1962ರಲ್ಲಿ ಪ್ರದರ್ಶಿಸಿದ ಶೂಬಾಕ್ಸ್ ಎಂಬ ಯಂತ್ರ ಗುರುತಿಸುತ್ತಿದ್ದುದು 16 ಪದಗಳನ್ನು ಮಾತ್ರ. ಆಪಲ್‌ನ ಸಿರಿ 2011ರಲ್ಲಿ, ಅಮೆಜಾನ್‌ನ ಅಲೆಕ್ಸಾ 2014ರಲ್ಲಿ, ಗೂಗಲ್ ಅಸಿಸ್ಟೆಂಟ್ 2016ರಲ್ಲಿ ಬಂದ ಮೇಲೆ ಮಾತನ್ನು ಅಕ್ಷರವಾಗಿಸುವ ಮೊದಲ ಹಂತ ಬಹಳ ಸುಧಾರಿಸಿತು. ಅಪಾರ ಬರಹವನ್ನು ಓದಿ ಕಲಿತ ಈಚಿನ ವರ್ಷಗಳ ಭಾಷಾ ಮಾದರಿಗಳಿಂದಾಗಿ ಎರಡನೆಯ ಹಂತವೂ, ಅಂದರೆ ವಾಕ್ಯದ ಇಂಗಿತವನ್ನು ಹಿಡಿಯುವುದೂ, ಸಾಕಷ್ಟು ಸುಧಾರಿಸಿದೆ. ಆದರೆ ವಾಕ್ಯ ಅರ್ಥವಾಗುವುದು ಬೇರೆ, ಕೆಲಸ ಮಾಡುವ ಅಧಿಕಾರ ಇರುವುದು ಬೇರೆ. ಯಾವ ಆ್ಯಪ್ ತನ್ನ ಯಾವ ಕೆಲಸವನ್ನು ಅಸಿಸ್ಟೆಂಟ್‌ಗೆ ಬಿಟ್ಟುಕೊಟ್ಟಿದೆಯೋ ಅಷ್ಟನ್ನು ಮಾತ್ರ ಅದು ಮಾಡಬಲ್ಲದು. ಮಿಕ್ಕ ಕಡೆ ಎಷ್ಟು ನಯವಾಗಿ ಉತ್ತರಿಸಿದರೂ ಕೈಕಟ್ಟಿ ಕೂರುತ್ತದೆ. ಆದ್ದರಿಂದ ಬಿಟ್ಟುಹೋದ ವಿವರಗಳನ್ನು ನೀವೇ ತುಂಬಿ, ‘ನಾಳೆ ಬೆಳಿಗ್ಗೆ ಹನ್ನೊಂದೂಕಾಲಿಗೆ ಅಣ್ಣನಿಗೆ ಫೋನ್ ಮಾಡಲು ನೆನಪಿಸು’ ಎಂದು ಹೇಳಿ. ಹೇಳಿದ ಮೇಲೆ ಪರದೆಯ ಮೇಲೆ ಮೂಡುವ ಸಮಯವನ್ನು ಒಮ್ಮೆ ನೋಡುವ ಅಭ್ಯಾಸವಿರಲಿ. ತಪ್ಪಾದರೆ ಆ ಕ್ಷಣವೇ ಕಣ್ಣಿಗೆ ಬೀಳುವಂಥ ಕೆಲಸಗಳನ್ನು ಧ್ವನಿಗೆ ಒಪ್ಪಿಸಬಹುದು. ತಪ್ಪಾದದ್ದು ಮರುದಿನ ಗೊತ್ತಾಗುವಂಥವನ್ನು ಕೈಯಿಂದಲೇ ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಫೋನಿನಲ್ಲಿ ಇದ್ದೇ ಇರುವ ಒಂದು ರಸೀದಿಯನ್ನು ಹುಡುಕುಪಟ್ಟಿಯಲ್ಲಿ (ಸರ್ಚ್ ಬಾರ್) ಹೆಸರು ಬರೆದು ಹುಡುಕಿದರೆ ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಇರುವ ಕಡತ ಸಿಗದಿರುವುದು ಹೇಗೆ?

ಉತ್ತರ: ಈ ದೂರು ಹಲವರದು, ಕಾರಣಗಳೂ ಹಲವು. ನೀವು ಅಕ್ಷರ ಒತ್ತಿದ ಕೂಡಲೇ ಫೋನು ತನ್ನೊಳಗಿನ ಕಡತಗಳನ್ನೆಲ್ಲ ತೆರೆದು ಓದುವುದಿಲ್ಲ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥ ಒಂದು ಪಟ್ಟಿಯನ್ನು ಅದು ಮೊದಲೇ ತಯಾರಿಸಿಟ್ಟುಕೊಂಡಿರುತ್ತದೆ, ಹುಡುಕುವುದು ಆ ಪಟ್ಟಿಯಲ್ಲಿ ಮಾತ್ರ. ಪಟ್ಟಿಗೆ ಸೇರದ ಕಡತ ಫೋನಿನಲ್ಲಿದ್ದರೂ ಹುಡುಕಾಟದ ಮಟ್ಟಿಗೆ ಇಲ್ಲದಂತೆಯೇ. ಆಪಲ್ ಕಂಪ್ಯೂಟರುಗಳಿಗೆ 2005ರಲ್ಲಿ, ಐಫೋನಿಗೆ 2009ರಲ್ಲಿ ಬಂದ ಸ್ಪಾಟ್‌ಲೈಟ್ ಎಂಬ ಹುಡುಕಾಟದ ಸೌಲಭ್ಯ ಹೀಗೆಯೇ ಕೆಲಸ ಮಾಡುತ್ತದೆ. ಹೊಸ ಫೋನಿಗೆ ಎಲ್ಲವನ್ನೂ ವರ್ಗಾಯಿಸಿದ ಮೇಲೆ ಅಥವಾ ದೊಡ್ಡ ಅಪ್‌ಡೇಟ್ ಆದ ಮೇಲೆ ಈ ಪಟ್ಟಿ ಹೊಸದಾಗಿ ಸಿದ್ಧವಾಗಬೇಕಾಗುವುದರಿಂದ, ಮೊದಲ ಕೆಲವು ದಿನ ಹುಡುಕಾಟ ಅರೆಬರೆಯಾಗಿರುವುದುಂಟು. ಫೋನನ್ನು ಚಾರ್ಜಿಗೆ ಹಾಕಿ ಬಿಟ್ಟರೆ ಆ ಕೆಲಸ ಬೇಗ ಮುಗಿಯುತ್ತದೆ.

ಎರಡನೆಯ ಕಾರಣ ಆ್ಯಪ್‌ಗಳ ನಡುವಿನ ಗೋಡೆ. ಭದ್ರತೆಯ ದೃಷ್ಟಿಯಿಂದ ಪ್ರತಿ ಆ್ಯಪ್ ತನ್ನ ಕಡತಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದಾಗಿಯೇ ಪಟ್ಟಿಗೆ ಕೊಟ್ಟ ಹೊರತು ಫೋನಿನ ಸಾಮಾನ್ಯ ಹುಡುಕಾಟಕ್ಕೆ ಅವು ಕಾಣುವುದಿಲ್ಲ. ರಸೀದಿ ಸಂದೇಶದ ಆ್ಯಪ್‌ನಲ್ಲಿ ಬಂದಿದ್ದರೆ ಆ ಆ್ಯಪ್‌ನ ಒಳಗಿನ ಹುಡುಕುಪಟ್ಟಿಯಲ್ಲೇ, ಇಮೇಲ್‌ನಲ್ಲಿ ಬಂದಿದ್ದರೆ ಇಮೇಲ್ ಆ್ಯಪ್‌ನಲ್ಲೇ ಹುಡುಕಬೇಕು. ಯಾವ ಆ್ಯಪ್‌ಗಳ ವಿಷಯ ಸಾಮಾನ್ಯ ಹುಡುಕಾಟದಲ್ಲಿ ಕಾಣಬೇಕೆಂಬುದನ್ನು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ನೀವೇ ನಿರ್ಧರಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೊಂದು ಗೊಂದಲವಿದೆ: ಮುಖಪರದೆಯ ಮೇಲಿನ ಗೂಗಲ್ ಹುಡುಕುಪಟ್ಟಿ ಮುಖ್ಯವಾಗಿ ಹುಡುಕುವುದು ಇಂಟರ್ನೆಟ್ಟಿನಲ್ಲಿ. ಫೋನಿನೊಳಗಿನದು ಬೇಕಾದರೆ ಫೈಲ್ಸ್ ಆ್ಯಪ್‌ಗೆ ಅಥವಾ ಫೋನ್ ತಯಾರಕರು ಕೊಟ್ಟ ಪ್ರತ್ಯೇಕ ಹುಡುಕುಪಟ್ಟಿಗೆ ಹೋಗಬೇಕು, ಅದು ಕಂಪನಿಯಿಂದ ಕಂಪನಿಗೆ ಬೇರೆ.

ಮೂರನೆಯದು ಕಡತದ ಸ್ವಭಾವ. ಸ್ಕ್ಯಾನ್ ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಅಕ್ಷರವಾದರೂ ಫೋನಿಗೆ ಬರಿಯ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ಸೌಲಭ್ಯ ಗೂಗಲ್ ಫೋಟೋಸ್‌ನಲ್ಲಿದೆ, 2021ರಿಂದ ಐಫೋನಿನ ಫೋಟೋಸ್‌ನಲ್ಲೂ ಇದೆ. ಆದರೆ ಅದು ಎಲ್ಲ ಲಿಪಿಗಳನ್ನೂ ಸಮನಾಗಿ ಓದುವುದಿಲ್ಲ, ಕೈಬರಹದಲ್ಲಂತೂ ಎಡವುವುದೇ ಹೆಚ್ಚು. ಇನ್ನು ಡೌನ್‌ಲೋಡ್ ಆದ ಕಡತಗಳಿಗೆ ಬಹುತೇಕ ಅಂಕಿಗಳ ಸಾಲೇ ಹೆಸರಾಗಿರುತ್ತದೆ. ಫೈಲ್ಸ್ ಆ್ಯಪ್‌ಗಳು ಮುಖ್ಯವಾಗಿ ನೋಡುವುದು ಹೆಸರನ್ನು, ಆದ್ದರಿಂದ ನೀವು ‘ರಸೀದಿ’ ಎಂದು ಎಷ್ಟು ಸಲ ಬರೆದರೂ ಅದು ಸಿಗದು. ಇಂಗ್ಲಿಷಿನಲ್ಲಿ ಹೆಸರಿಟ್ಟ ಕಡತವನ್ನು ಕನ್ನಡದಲ್ಲಿ ಹುಡುಕಿದಾಗಲೂ ಇದೇ ಗತಿ. ಮುಖ್ಯವಾದ ಕಾಗದ ಬಂದ ದಿನವೇ ಅದಕ್ಕೆ ನಾಲ್ಕು ಪದದ ಒಂದು ಹೆಸರನ್ನು, ವರ್ಷವನ್ನೂ ಸೇರಿಸಿ ಇಟ್ಟುಬಿಡುವುದು ಯಾವ ಅಸಿಸ್ಟೆಂಟ್‌ಗಿಂತಲೂ ಹೆಚ್ಚು ನೆರವಾಗುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ.

ಸದ್ಯಕ್ಕೆ ನಿಮ್ಮ ರಸೀದಿಗಾಗಿ ಹೆಸರನ್ನು ಬಿಟ್ಟು ದಿನಾಂಕವನ್ನು ಹಿಡಿಯಿರಿ. ಫೈಲ್ಸ್ ಆ್ಯಪ್‌ನಲ್ಲಿ ಕಡತಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹಣ ಕಟ್ಟಿದ ದಿನದ ಆಸುಪಾಸಿನಲ್ಲಿ ನೋಡಿದರೆ ಅದು ಕಣ್ಣಿಗೆ ಬೀಳುವ ಸಂಭವ ಹೆಚ್ಚು.

ಪ್ರಶ್ನೆ: ಅಸಿಸ್ಟೆಂಟ್ ಇರುವ ಫೋನು ನಮ್ಮ ಮಾತನ್ನು ಸದಾ ಕೇಳಿಸಿಕೊಳ್ಳುತ್ತಿರುತ್ತದೆಯೇ? ನಾವು ಮಾತಾಡಿಕೊಂಡ ವಸ್ತುವಿನ ಜಾಹೀರಾತೇ ಮರುದಿನ ಕಾಣಿಸುವುದೇಕೆ?

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡೋಣ. ಹೆಸರು ಹಿಡಿದು ಕರೆದರೆ ಓಗೊಡುವ ಸೌಲಭ್ಯ ಚಾಲೂ ಇದ್ದರೆ ಮೈಕ್ ಸದಾ ಕಿವಿಗೊಟ್ಟಿರುವುದು ನಿಜ. ಆದರೆ ಆ ಹಂತದಲ್ಲಿ ಕೆಲಸ ಮಾಡುವುದು ಬಹಳ ಕಡಿಮೆ ವಿದ್ಯುತ್ ಬಳಸುವ ಒಂದು ಸಣ್ಣ ಪ್ರೋಗ್ರಾಂ. ಕೆಲವೇ ಕ್ಷಣಗಳ ಧ್ವನಿಯನ್ನು ಇಟ್ಟುಕೊಂಡು, ಅದರಲ್ಲಿ ಕರೆಯುವ ಪದ ಇದೆಯೇ ಎಂದಷ್ಟೇ ನೋಡಿ, ಇಲ್ಲದಿದ್ದರೆ ಅಳಿಸುತ್ತಾ ಹೋಗುವಂತೆ ಅದನ್ನು ರೂಪಿಸಿರುತ್ತಾರೆ. ತೊಂದರೆ ಬರುವುದು ಅದು ತಪ್ಪಾಗಿ ಎಚ್ಚರಗೊಂಡಾಗ. ಹೋಲುವ ಇನ್ನೊಂದು ಪದ, ಟಿವಿಯ ಮಾತು, ಏನಾದರೂ ಆಗಬಹುದು. 2017ರಲ್ಲಿ ಅಮೆರಿಕದ ಒಂದು ಟಿವಿ ಜಾಹೀರಾತು ಮನೆಗಳಲ್ಲಿದ್ದ ಗೂಗಲ್ ಸ್ಪೀಕರುಗಳನ್ನು ಬೇಕೆಂದೇ ಎಬ್ಬಿಸಿ ಉತ್ತರ ಹೇಳಿಸಿತ್ತು. ಹೀಗೆ ಎಚ್ಚರಗೊಂಡ ಮೇಲೆ ಆಡಿದ ಮಾತು ಕಂಪನಿಯ ಸರ್ವರಿಗೆ ಹೋಗಬಹುದು.

ಅಲ್ಲಿ ಅದನ್ನು ಮನುಷ್ಯರೂ ಕೇಳುತ್ತಿದ್ದರು ಎಂಬುದು 2019ರಲ್ಲಿ ಬಯಲಾಯಿತು. ಗುಣಮಟ್ಟ ಪರೀಕ್ಷೆಗೆಂದು ಅಮೆಜಾನ್, ಗೂಗಲ್, ಆಪಲ್ ಮೂರೂ ಕಂಪನಿಗಳು ಒಂದಷ್ಟು ಧ್ವನಿತುಣುಕುಗಳನ್ನು ಸಿಬ್ಬಂದಿಯಿಂದಲೋ ಗುತ್ತಿಗೆಯವರಿಂದಲೋ ಕೇಳಿಸುತ್ತಿದ್ದವು. ಬಳಕೆದಾರರಿಗೆ ಇದು ಸ್ಪಷ್ಟವಾಗಿ ತಿಳಿದಿರಲಿಲ್ಲ. ಆಪಲ್ ಕ್ಷಮೆ ಕೇಳಿ, ಒಪ್ಪಿಗೆ ಕೊಟ್ಟವರ ಧ್ವನಿಯನ್ನು ಮಾತ್ರ ಕೇಳುವ ಪದ್ಧತಿಗೆ ಬದಲಾಯಿತು. ಸಿರಿ ತಾನಾಗಿ ಎಚ್ಚರಗೊಂಡು ಮಾತು ದಾಖಲಿಸಿತೆಂಬ ಮೊಕದ್ದಮೆಯೊಂದರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 9.5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಅದು ಮುಂದಾದದ್ದು 2025ರ ಆರಂಭದಲ್ಲಿ ಸುದ್ದಿಯಾಯಿತು. ಆದ್ದರಿಂದ ಈ ಬಗೆಗಿನ ಎಚ್ಚರ ಅತಿಯಾದದ್ದೇನಲ್ಲ.

ಜಾಹೀರಾತಿನ ಮಾತಿಗೆ ಬಂದರೆ, ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಗುಟ್ಟಾಗಿ ಮಾತನ್ನು ದಾಖಲಿಸಿ ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಡೆಯುವುದನ್ನು ಬಳಕೆದಾರರಿಗೆ ತಿಳಿಸದೆ ದಾಖಲಿಸಿ ಬೇರೆಯವರಿಗೆ ಕಳಿಸುವ ಆ್ಯಪ್‌ಗಳು ಸಿಕ್ಕವು. ನೀವು ಹುಡುಕಿದ್ದು, ನೋಡಿದ್ದು, ಇದ್ದ ಜಾಗ, ಜತೆಗಿದ್ದವರು ಹುಡುಕಿದ್ದು ಇವಿಷ್ಟರಿಂದಲೇ ನಿಮ್ಮ ಆಸಕ್ತಿಯನ್ನು ಊಹಿಸಲು ಜಾಹೀರಾತು ಕಂಪನಿಗಳಿಗೆ ಸಾಧ್ಯ. ಮಾತು ಕದಿಯುವ ಅಗತ್ಯವೇ ಬೀಳದಷ್ಟು ಮಾಹಿತಿ ಬೇರೆ ದಾರಿಗಳಲ್ಲಿ ಅವರಿಗೆ ಸಿಗುತ್ತಿದೆ ಎಂಬುದು ಸಮಾಧಾನ ಪಡುವ ಸಂಗತಿಯೇನೂ ಅಲ್ಲ. ಇಷ್ಟನ್ನಾದರೂ ಮಾಡಿ: ಕರೆದರೆ ಓಗೊಡುವ ಸೌಲಭ್ಯವನ್ನು ನಿಲ್ಲಿಸಿ ಗುಂಡಿ ಒತ್ತಿದಾಗ ಮಾತ್ರ ಎಚ್ಚರಗೊಳ್ಳುವಂತೆ ಇಟ್ಟುಕೊಳ್ಳಿ, ಅಸಿಸ್ಟೆಂಟ್‌ನ ಹಳೆಯ ಧ್ವನಿದಾಖಲೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ಅಳಿಸಿ, ಮೈಕ್ ಬಳಕೆಯಲ್ಲಿದ್ದಾಗ ಪರದೆಯ ಮೇಲ್ಭಾಗದಲ್ಲಿ ಕಾಣುವ ಚುಕ್ಕೆಯನ್ನು ಗಮನಿಸುತ್ತಿರಿ. ಐಫೋನಿನಲ್ಲಿ ಅದು ಕಿತ್ತಳೆ ಬಣ್ಣದ್ದು, ಆಂಡ್ರಾಯ್ಡ್‌ನಲ್ಲಿ ಹಸಿರು.

ಪ್ರಶ್ನೆ: ಇಂಟರ್ನೆಟ್ ಇಲ್ಲದಾಗ ಅಸಿಸ್ಟೆಂಟ್ ಕೆಲಸ ಮಾಡುತ್ತದೆಯೇ?

ಉತ್ತರ: ಅಲಾರಂ, ಟಾರ್ಚ್, ಸಂಪರ್ಕಪಟ್ಟಿಯಲ್ಲಿರುವವರಿಗೆ ಕರೆ ಇಂಥವನ್ನು ಈಚಿನ ಹಲವು ಫೋನುಗಳು ತಮ್ಮೊಳಗೇ ಮುಗಿಸುತ್ತವೆ, ಆಪಲ್ 2021ರಿಂದ ತನ್ನ ಹೊಸ ಫೋನುಗಳಲ್ಲಿ, ಕೆಲವು ಭಾಷೆಗಳ ಮಟ್ಟಿಗೆ, ಧ್ವನಿಯನ್ನು ಫೋನಿನಲ್ಲೇ ಅಕ್ಷರವಾಗಿಸುತ್ತಿದೆ. ಸುದ್ದಿ, ಹವಾಮಾನ, ದಾರಿ ಕೇಳುವ ಪ್ರಶ್ನೆಗಳಿಗೆ ಸಂಪರ್ಕ ಬೇಕೇ ಬೇಕು.

ಪ್ರಶ್ನೆ: ನನ್ನ ಮಾತನ್ನು, ಅದರಲ್ಲೂ ಜನರ ಹೆಸರುಗಳನ್ನು, ಅದು ತಪ್ಪಾಗಿಯೇ ಕೇಳಿಸಿಕೊಳ್ಳುತ್ತದೆ. ಉಚ್ಚಾರಣೆ ನನ್ನದು ಸರಿಯಿಲ್ಲವೇ?

ಉತ್ತರ: ನಿಮ್ಮ ಉಚ್ಚಾರಣೆಯನ್ನು ದೂರಬೇಡಿ. ಧ್ವನಿ ಗುರುತಿಸುವ ವ್ಯವಸ್ಥೆ ಯಾರ ಮಾತನ್ನು ಹೆಚ್ಚಾಗಿ ಕೇಳಿ ಕಲಿತಿದೆಯೋ ಅವರ ಮಾತನ್ನು ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದಲ್ಲಿ ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಿಳಿಯರ ಮಾತಿನಲ್ಲಿ ನೂರಕ್ಕೆ ಸುಮಾರು 19 ಪದಗಳು ತಪ್ಪಾದರೆ ಕಪ್ಪು ಜನರ ಮಾತಿನಲ್ಲಿ ಸುಮಾರು 35 ತಪ್ಪಾಗಿದ್ದವು. ಅದೂ ಎರಡೂ ಕಡೆಯವರು ಆಡುತ್ತಿದ್ದುದು ಇಂಗ್ಲಿಷ್. ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿದ್ದು 2017ರಲ್ಲಿ. ಪ್ರಾದೇಶಿಕ ಮಾತು, ಎರಡು ಭಾಷೆ ಬೆರೆತ ವಾಕ್ಯ ಇವು ಈಗಲೂ ಅದಕ್ಕೆ ಕಷ್ಟವೇ. ಜನರ ಹೆಸರುಗಳಂತೂ ಯಾವ ಭಾಷೆಯಲ್ಲೂ ಕಷ್ಟ, ಏಕೆಂದರೆ ಸುತ್ತಲಿನ ಪದಗಳಿಂದ ಅವನ್ನು ಊಹಿಸಲು ಬರುವುದಿಲ್ಲ. ಪದೇ ಪದೇ ಕರೆ ಮಾಡುವವರಿಗೆ ಸಂಪರ್ಕಪಟ್ಟಿಯಲ್ಲಿ ಅಡ್ಡಹೆಸರಿನ ಖಾನೆಯನ್ನು ಬಳಸಿ ಚಿಕ್ಕದಾದ, ಒಂದಕ್ಕೊಂದು ಹೋಲದ ಹೆಸರುಗಳನ್ನು ಕೊಡಿ. ಅಸಿಸ್ಟೆಂಟ್ ಯಾವ ಭಾಷೆಯಲ್ಲಿದೆಯೋ ಆ ಲಿಪಿಯಲ್ಲೇ ಹೆಸರು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಔಷಧಿಯ ಪ್ರಮಾಣ, ಎರಡು ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂಬುದು, ಇಂಥವನ್ನು ಅಸಿಸ್ಟೆಂಟ್‌ನಿಂದ ಕೇಳಿ ತಿಳಿಯಬಹುದೇ?

ಉತ್ತರ: ಬೇಡ. ಸಿರಿ, ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ಮೂರನ್ನೂ ವೈದ್ಯಕೀಯ ಪ್ರಶ್ನೆಗಳಿಗೆ ಬಳಸಿ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉತ್ತರ ಕೇಳಿ ಜನ ತಾವು ಮಾಡುವೆವೆಂದು ಹೇಳಿದ ಕ್ರಮಗಳಲ್ಲಿ ಶೇ 29ರಷ್ಟು ಅಪಾಯಕ್ಕೆ ಎಡೆಮಾಡಬಹುದಾಗಿದ್ದವು. ಅಂದಿನ ಅಸಿಸ್ಟೆಂಟ್‌ಗಳು ತಿಳಿಯದಿದ್ದರೆ ತಡವರಿಸುತ್ತಿದ್ದವು, ಇಂದಿನವು ತಪ್ಪನ್ನೂ ನಿರರ್ಗಳವಾಗಿ ಹೇಳಬಲ್ಲವು. ಧ್ವನಿಯಲ್ಲಿ ಬರುವ ಉತ್ತರಕ್ಕೆ ಇನ್ನೊಂದು ಕೊರತೆ ಇದೆ: ಪರದೆಯ ಮೇಲಾದರೆ ಹತ್ತು ಮೂಲಗಳು ಒಟ್ಟಿಗೆ ಕಂಡು ಹೋಲಿಸಲು ಬರುತ್ತದೆ, ಕಿವಿಗೆ ಬೀಳುವುದು ಒಂದೇ. ಮಾತ್ರೆಯ ಹೊತ್ತನ್ನು ನೆನಪಿಸಲು ಅಸಿಸ್ಟೆಂಟ್ ಸಾಕು, ಎಷ್ಟು ನುಂಗಬೇಕೆಂದು ವೈದ್ಯರನ್ನೇ ಕೇಳಿ.

ಪ್ರಶ್ನೆ: ಕೈಯಲ್ಲಿ ಫೋನ್ ಹಿಡಿಯದೆ ಮಾತಿನಲ್ಲೇ ಕೆಲಸ ಹೇಳುವುದರಿಂದ ವಾಹನ ಓಡಿಸುವಾಗ ಬಳಸಲು ಅಡ್ಡಿಯಿಲ್ಲವಷ್ಟೇ?

ಉತ್ತರ: ಕೈ ಬಿಡುವಾದರೂ ಗಮನ ಬಿಡುವಾಗುವುದಿಲ್ಲ. ರಸ್ತೆ ಸುರಕ್ಷತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಎಎಎ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಧ್ವನಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ 27 ಸೆಕೆಂಡುಗಳವರೆಗೆ ಚಾಲಕರ ಗಮನ ಪೂರ್ತಿಯಾಗಿ ರಸ್ತೆಗೆ ಮರಳದಿರಬಹುದು ಎಂದು ಕಂಡುಬಂದಿತ್ತು. ಹೋಗಬೇಕಾದ ಜಾಗವನ್ನು ಹೊರಡುವ ಮೊದಲೇ ಹೇಳಿಟ್ಟುಬಿಡಿ.

ಪ್ರಶ್ನೆ: ನನ್ನ ತಂದೆಯವರ ಕೈ ನಡುಗುತ್ತದೆ, ಬೆರಳಿಟ್ಟ ಕಡೆ ಒತ್ತಲಾಗುವುದಿಲ್ಲ. ಅಸಿಸ್ಟೆಂಟ್‌ನಿಂದ ಅವರು ಫೋನನ್ನು ಪೂರ್ತಿಯಾಗಿ ಬಳಸಬಹುದೇ?

ಉತ್ತರ: ಅಸಿಸ್ಟೆಂಟ್ ಒಂದರಿಂದಲೇ ಆಗದು, ಆದರೆ ನಿಮಗೆ ಬೇಕಾದದ್ದು ಬೇರೊಂದು ಹೆಸರಿನಲ್ಲಿ ಇದೆ. ಆಂಡ್ರಾಯ್ಡ್‌ನಲ್ಲಿ ವಾಯ್ಸ್ ಆಕ್ಸೆಸ್, ಐಫೋನಿನಲ್ಲಿ 2019ರಿಂದ ವಾಯ್ಸ್ ಕಂಟ್ರೋಲ್ ಎಂಬ ಸೌಲಭ್ಯಗಳು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತವೆ. ಇವು ಇಂಗಿತವನ್ನು ಊಹಿಸುವ ಗೋಜಿಗೆ ಹೋಗುವುದಿಲ್ಲ. ಪರದೆಯ ಮೇಲಿನ ಪ್ರತಿ ಗುಂಡಿಗೂ ಒಂದೊಂದು ಸಂಖ್ಯೆಯನ್ನು ತೋರಿಸುತ್ತವೆ, ಸಂಖ್ಯೆ ಹೇಳಿದರೆ ಆ ಗುಂಡಿಯನ್ನು ಒತ್ತುತ್ತವೆ. ಹೀಗಾಗಿ ಅಸಿಸ್ಟೆಂಟ್‌ಗೆ ಏನನ್ನೂ ಬಿಟ್ಟುಕೊಡದ ಆ್ಯಪ್‌ಗಳಲ್ಲೂ ಬಹುಮಟ್ಟಿಗೆ ಕೆಲಸ ಮಾಡುತ್ತವೆ. ಆಜ್ಞೆಗಳು ಕೆಲವೇ ಭಾಷೆಗಳಲ್ಲಿರುವುದು ದೊಡ್ಡ ಕೊರತೆಯೇ, ಆದರೆ ಇಂಗ್ಲಿಷ್ ಅಂಕಿಗಳು ಮತ್ತು ಏಳೆಂಟು ಪದಗಳು ರೂಢಿಯಾದರೆ ದಿನದ ಹೆಚ್ಚಿನ ಬಳಕೆ ಸಾಗುತ್ತದೆ. ಮೊದಲ ವಾರ ನೀವು ಪಕ್ಕದಲ್ಲಿ ಕುಳಿತು, ಕರೆ ಮಾಡುವುದು ಮತ್ತು ಸಂದೇಶ ಕಳಿಸುವುದು ಇವೆರಡನ್ನೇ ಅಭ್ಯಾಸ ಮಾಡಿಸಿ. ಫೋನಿನ ಬೀಗ ತೆರೆಯಲು ಅವರಿಗೆ ಮುಖ ಗುರುತಿಸುವ ವ್ಯವಸ್ಥೆಯನ್ನು ಹೊಂದಿಸಿಕೊಡಿ. ಪಿನ್ ಸಂಖ್ಯೆಯನ್ನು ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳುವ ಪ್ರಸಂಗ ಆಗ ಬರುವುದಿಲ್ಲ.